ಹಾಸ್ಟೆಲಿಗೆ ಹೋದ ಮೋಟ್ರುಮನೆ ಬೀಗ

ನಾನು ಕೈ ಹಾಕಿದ ಕೆಲಸ ಇವತ್ತಿನವರೆಗೂ ಕೆಟ್ಟಿಲ್ಲ. ಕೈ ತೆಗೆದ ಮೇಲೆ ಮಾತ್ರ ಪ್ರತಿ ಸಲವೂ ಅದಕ್ಕೆ ಏನಾದರೊಂದು ಆಗುತ್ತದೆ, ಆದದ್ದನ್ನು ನೋಡಿ ಊರು ನಗುತ್ತದೆ. ನಗಲಿ. ತಮಿಳುನಾಡಿನ ಅಂಚೆಟ್ಟಿ ಕಡೆಯ ಕಾಡಂಚಿನ ನಮ್ಮೂರಿಗೆ ದಿನಕ್ಕೆ ಎರಡು ಸಲ ಬಸ್ಸು ಬರುತ್ತದೆ. ಮಿಕ್ಕ ಹೊತ್ತಿಗೆ ಜನಕ್ಕೆ ನೋಡೋಕೆ ನಾನಿದ್ದೇನೆ.

ಈ ಸಲ ಹೊಸೂರಿನ ಫ್ಯಾಕ್ಟರಿಗೆ ರಜೆ ಹಾಕಿ ಬಂದು ಕೈ ಹಾಕಿದ ಕೆಲಸ ನನ್ನ ತಂಗಿಯನ್ನು ಕೃಷ್ಣಗಿರಿಯ ಕಾಲೇಜಿಗೆ ಸೇರಿಸಿ ಹಾಸ್ಟೆಲಿಗೆ ಬಿಟ್ಟು ಬರೋದು. ಹನ್ನೆರಡನೇ ಕ್ಲಾಸಲ್ಲಿ ಲೆಕ್ಕಕ್ಕೆ ನೂರಕ್ಕೆ ತೊಂಬತ್ತೆಂಟು ತೆಗೆದ ಹುಡುಗಿ. ಆ ಎರಡು ಮಾರ್ಕು ಎಲ್ಲಿ ಹೋಯಿತು ಅಂತ ಕೇಳಿದ ಒಬ್ಬನೇ ಮನುಷ್ಯ ನಾನು. ನಮ್ಮೂರಿಂದ ಹಾಸ್ಟೆಲಿಗೆ ಹೊರಟ ಮೊದಲ ಹೆಣ್ಣುಮಗಳು ಅವಳೇ. ಅಪ್ಪ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು.

"ಎಂಟು ದಿನದೊಳ್ಗೆ ಅತ್ಕೊಂಡು ಫೋನ್ ಗೀನ್ ಮಾಡಿದ್ಲೋ, ಅವತ್ತೇ ಪೆಟ್ಟಿಗೆ ಸಮೇತ ಮನೆಗೆ. ಆಮೇಲೆ ಕಾಲೇಜು ಅನ್ನೋ ಮಾತೇ ಆಡಂಗಿಲ್ಲ."

ಅಪ್ಪನ ಭಯಕ್ಕೆ ಕಾರಣ ಇತ್ತು. ನಮ್ಮ ದೊಡ್ಡಪ್ಪನ ಮಗ ಹಿಂದೊಮ್ಮೆ ಸೇಲಂ ಹಾಸ್ಟೆಲಿಗೆ ಹೋಗಿ ನಾಲ್ಕೇ ದಿನಕ್ಕೆ ಕಣ್ಣೊರೆಸಿಕೊಂಡು ಬಸ್ಸಿಳಿದಿದ್ದ. ಊರು ಇವತ್ತಿಗೂ ಅವನನ್ನು 'ನಾಲ್ಕು ದಿನದ ಡಿಗ್ರಿ' ಅಂತಲೇ ಕರೆಯೋದು.

ನಾನು ಎದೆ ತಟ್ಟಿ ಹೇಳಿದೆ: "ಅಪ್ಪಾ, ಹೊಸೂರು ಆಲಸನತ್ತಂನಲ್ಲಿ ಒಂದೇ ರೂಮಲ್ಲಿ ಆರು ಜನ ಹುಡುಗರ ಜೊತೆ ಮೂರು ವರ್ಷದಿಂದ ಇದೀನಿ. ಹಾಸ್ಟೆಲ್ ಅಂದ್ರೆ ಏನು ಅಂತ ನನಗೆ ಗೊತ್ತು. ಇದನ್ನ ನನಗೆ ಬಿಡು."

ತಂಗಿ ಅಪ್ಪನ ಮುಖ ನೋಡಿ ಮೆಲ್ಲಗೆ ಅಂದಳು, "ಅಪ್ಪಾ, ಅಳಲ್ಲ ಅಂತ ನಾನು ಮಾತು ಕೊಡ್ತೀನಿ. ಆದ್ರೆ ಅಣ್ಣನಿಗೆ ಬಿಡಬೇಡ."

ಮಡಿಲಕ್ಕಿ

ಹೊರಡೋದಕ್ಕೆ ಎರಡು ದಿನ ಮುಂಚೆ ಮನೆ ತುಂಬ ಹೆಂಗಸರು. ಏನಪ್ಪಾ ಅಂತ ನೋಡಿದರೆ, ತಂಗಿಯನ್ನು ಮಣೆ ಮೇಲೆ ಕೂರಿಸಿ ಅಜ್ಜಿ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು ತುಂಬುತ್ತಿದ್ದಾರೆ.

"ಅಜ್ಜೀ, ಇವಳೇನು ಗಂಡನ ಮನೆಗೆ ಹೋಗ್ತಾವ್ಳಾ? ಕಾಲೇಜಿಗೆ ಕಣಜ್ಜೀ!" ಅಂದೆ.

"ಸುಮ್ಕಿರ್ಲಾ. ಹೆಣ್ಮಗಳು ಪೆಟ್ಟಿಗೆ ಕಟ್ಕೊಂಡು ಹೊಸಿಲು ದಾಟ್ತಾವ್ಳೆ ಅಂದ್ರೆ ಮಡಿಲು ತುಂಬಬೇಕು. ಎಲ್ಲಿಗೆ ಹೋಗ್ತಾಳೆ ಅನ್ನೋದು ಆಮೇಲಿನ ಮಾತು."

ಕೊನೆ ಮನೆಯ ದೊಡ್ಡವ್ವನಿಗೆ ಕಿವಿ ಚೆನ್ನಾಗಿದೆ, ಆದರೆ ಸುದ್ದಿ ತಡವಾಗಿ ತಲುಪುತ್ತದೆ. ಆಕೆ ಪಕ್ಕದವಳನ್ನು ಕೇಳಿದರು: "ಯಾವೂರಮ್ಮ?"

"ಕೃಷ್ಣಗಿರಿ."

"ದೊಡ್ಡ ಮನೇನಾ?"

"ಮೂರು ಅಂತಸ್ತಂತೆ. ಇನ್ನೂರು ಜನ ಅವ್ರಂತೆ."

"ಅಯ್ಯೋ, ಅಷ್ಟು ಜನಕ್ಕೂ ಇವಳೇ ಅಡಿಗೆ ಮಾಡ್ಬೇಕಾ?"

"ಇಲ್ಲ ಕಣವ್ವ, ಅವ್ರೇ ಮಾಡಿ ಇವಳಿಗೆ ಇಕ್ತಾರೆ. ಮೂರು ವರ್ಷ ಆದ್ಮೇಲೆ ವಾಪಸ್ಸು ಕಳಿಸ್ಬುಡ್ತಾರೆ."

ದೊಡ್ಡವ್ವ ಕೆನ್ನೆ ಮೇಲೆ ಕೈಯಿಟ್ಟು, ನನ್ನ ಅಮ್ಮನ ಕಡೆ ತಿರುಗಿ, "ಬಾಳ ಒಳ್ಳೆ ಸಂಬಂಧ ಕಣಮ್ಮಾ. ನನ್ನ ಮೊಮ್ಮಗಳಿಗೂ ಅಲ್ಲೇ ಒಂದು ನೋಡು" ಅಂದರು.

ಕೆಂಪು, ಹಸಿರು

ಹೊಸೂರಿನ ಫ್ಯಾಕ್ಟರಿಯಲ್ಲಿ ನಾನು ಇರೋದು ಮಾಲು ತಪಾಸಣೆ ಸೆಕ್ಷನ್ನಲ್ಲಿ. ಸರಿಯಾಗಿರೋ ಪೀಸಿಗೆ ಹಸಿರು ಚೀಟಿ, ಕೆಟ್ಟಿದ್ದಕ್ಕೆ ಕೆಂಪು ಚೀಟಿ. ನನ್ನ ಕಣ್ಣು ತಪ್ಪಿಸಿ ಒಂದು ನಟ್ಟೂ ಆಚೆ ಹೋಗೋದಿಲ್ಲ. ಹಿಂದೆ ಗೋಂದು ಇರುವ ಆ ಚೀಟಿಗಳ ಹಳೇ ಸುರುಳಿಯೊಂದನ್ನು ಬಿಸಾಕುತ್ತಿದ್ದರು, ಸೂಪರ್‌ವೈಸರನ್ನು ಕೇಳಿ ತಂದಿದ್ದೆ. ಹಾಸ್ಟೆಲಿಗೆ ಹೋಗೋ ಸಾಮಾನನ್ನೆಲ್ಲ ಜಗಲಿಯಲ್ಲಿ ಸಾಲಾಗಿ ಜೋಡಿಸಿ ತಪಾಸಣೆ ಶುರು ಮಾಡಿದೆ.

ಬಕೆಟ್ಟು, ಹಸಿರು. ಉಪ್ಪಿನಕಾಯಿ ಜಾಡಿ, ಹಸಿರು. ಹುರಿಗಡಲೆ ಡಬ್ಬ ಮುಚ್ಚಳ ಸಡಿಲ, ಕೆಂಪು. ಅಜ್ಜಿ ಪ್ರೀತಿಯಿಂದ ತಂದಿಟ್ಟಿದ್ದ ಕರಿ ಕಂಬಳಿಯನ್ನು ಬಿಡಿಸಿ ನೋಡಿದೆ. ನಡುವೆ ನನ್ನ ತಲೆ ತೂರುವಷ್ಟು ತೂತು. ಕೆಂಪು!

ಅಪ್ಪ ಕೇಳಿದರು, "ಕೆಂಪು ಅಂದ್ರೆ ಏನ್ಲಾ?"

"ಕೆಂಪು ಅಂದ್ರೆ ಕೆಲಸಕ್ಕೆ ಬಾರದ್ದು ಅಪ್ಪಾ. ಅದು ಒಳಗೆ ಇರಂಗೇ ಇಲ್ಲ. ಆಚೆಗೆ ಹಾಕೋದೇ. ಅದು ರೂಲ್ಸು."

ಅಜ್ಜಿ ಕಂಬಳಿಯನ್ನು ಮಡಿಸಿ ಎದೆಗವಚಿಕೊಂಡರು. "ನಿಮ್ಮ ತಾತ ಹೊದ್ದಿದ್ದು ಕಣ್ಲಾ ಇದು" ಅಂದರು.

"ಅದಕ್ಕೇ ತೂತಾಗಿರೋದು" ಅಂದೆ. ಅಜ್ಜಿ ಮಾತಾಡಲಿಲ್ಲ. ಅಜ್ಜಿ ಮಾತಾಡದೆ ಇದ್ದರೆ ಮರೆತರು ಅಂತಲ್ಲ, ಬರೆದಿಟ್ಟುಕೊಂಡರು ಅಂತ. ಅದು ಆವಾಗ ನನಗೆ ಹೊಳೆಯಲಿಲ್ಲ.

ಅಮ್ಮ ಮಾತ್ರ ಬಂದು, "ನನಗೊಂದು ಹಸಿರು ಚೀಟಿ ಕೊಡಪ್ಪಾ" ಅಂತ ಕೇಳಿ ಇಸ್ಕೊಂಡರು. ನನಗೆ ಹೆಮ್ಮೆ. ನೋಡಿ, ಓದದೆ ಇದ್ದರೂ ನನ್ನ ಪದ್ಧತಿ ಅರ್ಥ ಮಾಡಿಕೊಂಡವರು ಅಮ್ಮನೊಬ್ಬರೇ ಅಂದುಕೊಂಡೆ. ಬೆಳಗ್ಗೆ ಎದ್ದು ಕೊಟ್ಟಿಗೆಗೆ ಹೋದರೆ ಹಸುವಿನ ಕೊಂಬಿನ ಮೇಲೆ ಹಸಿರು ಚೀಟಿ.

"ಏನಮ್ಮಾ ಇದು?"

"ಸರಿಯಾಗಿರೋದಕ್ಕೆ ಹಾಕ್ಬೇಕು ಅಂದ್ಯಲ್ಲಪ್ಪಾ. ಈ ಮನೇಲಿ ಹೇಳಿದ ಮಾತು ಕೇಳೋದು ಇದೊಂದೇ."

ಪೆಟ್ಟಿಗೆ

ತಂಗಿ ಚಕ್ರ ಇರೋ ಸೂಟ್‌ಕೇಸು ಬೇಕು ಅಂದಳು. ನಾನು ಬಿಡಲಿಲ್ಲ. "ಅದೆಲ್ಲ ಪ್ಲಾಸ್ಟಿಕ್ಕು. ಒಂದು ಸಲ ಬಸ್ ಮೇಲಿಂದ ಬಿದ್ದರೆ ಕುಂಬಳಕಾಯಿ" ಅಂದು ಅಟ್ಟದಿಂದ ತಾತನ ಮರದ ಪೆಟ್ಟಿಗೆ ಇಳಿಸಿದೆ. ಹೊಸ ಹಸಿರು ಬಣ್ಣ ಬಳಿದೆ. ಹಿಂದಿನ ಎರಡು ಕೀಲು ತುಕ್ಕು ಹಿಡಿದಿದ್ದವು, ಕಿತ್ತು ಹಾಕಿ ಹೊಸೂರಿಂದ ತಂದ ಥಳಥಳ ಕೀಲುಗಳನ್ನು ನನ್ನ ಕೈಯಾರೆ ಸ್ಕ್ರೂ ಹೊಡೆದು ಕೂರಿಸಿದೆ. ಅಷ್ಟು ಚಂದದ ಕೀಲನ್ನು ಒಳಗೆ ಯಾಕೆ ಮುಚ್ಚಿಡೋದು? ಎಲ್ಲರಿಗೂ ಕಾಣಲಿ ಅಂತ ಹೊರಗಡೆಯೇ ಹಾಕಿದೆ.

ಮುಂದಕ್ಕೆ ಬೀಗ. ತೋಟದ ಮೋಟ್ರುಮನೆಗೆ ಹಾಕಿದ್ದ ಬೀಗ, ನನ್ನ ಅಂಗೈಯಷ್ಟಿದೆ. ಊರ ಸೈಕಲ್ ಶಾಪಿನವನನ್ನು ಕರೆದು, "ಇದನ್ನ ತೆಗಿ ನೋಡೋಣ" ಅಂತ ಸವಾಲು ಹಾಕಿದೆ. ಅವನು ತಂತಿ ಹಾಕಿದ, ಸುತ್ತಿಗೆ ಹಾಕಿದ, ಬೆವರು ಹಾಕಿದ. ಬೀಗ ಅಲ್ಲಾಡಲಿಲ್ಲ. ಜಗಲಿ ಮೇಲಿದ್ದವರೆಲ್ಲ ತಲೆದೂಗಿದರು.

ತಂಗಿ ಪೆಟ್ಟಿಗೆಯನ್ನು ಒಂದು ಸುತ್ತು ಹಾಕಿ, ಹಿಂದುಗಡೆ ಬಗ್ಗಿ ನೋಡಿ, ದುಪಟ್ಟಾ ಬಾಯಿಗಿಟ್ಟುಕೊಂಡು ಒಳಗೆ ಹೋದಳು.

"ಯಾಕ್ ನಗ್ತೀಯಾ?" ಅಂದೆ.

"ಏನಿಲ್ಲಣ್ಣಾ. ಕಳ್ಳ ಮುಂದಿನಿಂದಾನೇ ಬರಲಿ ಅಂತ ದೇವರಿಗೆ ಹೇಳ್ಕೋತೀನಿ."

ಮೊದಲು ಸೀಟು ಸಿಕ್ಕಿದ್ದು ಯಾರಿಗೆ?

ಹೊರಡೋ ದಿನ ನಾನೇ ಪೆಟ್ಟಿಗೆ ತುಂಬಿ ಬೀಗ ಹಾಕಿದೆ. ಬಸ್ಸಲ್ಲಿ ಕಳೆದುಹೋದೀತು ಅಂತ ಅವಳ ಫೋನನ್ನೂ ಒಳಗೇ ಇಟ್ಟೆ. ಉಳಿದ ಚೀಟಿ ಸುರುಳಿಯನ್ನೂ, ಅವಳ ಉಪಯೋಗಕ್ಕೆ ಬರಲಿ ಅಂತ, ಅಲ್ಲೇ ಹಾಕಿದೆ. ಪೆಟ್ಟಿಗೆಯಲ್ಲಿ ಹಿಡಿಯದೆ ಉಳಿದದ್ದು ಹಾಸಿಗೆ ಸುರುಳಿ, ಒಂದು ಚೀಲ ರಾಗಿ ಹಿಟ್ಟು, ಮತ್ತೆ ಅಮ್ಮ ಗುಟ್ಟಾಗಿ ತಂದಿದ್ದ ಮುದ್ದೆ ಕೋಲು.

ಅಮ್ಮ, ತಂಗಿ, ನಾನು ಮೂವರೂ ಡೆಂಕಣಿಕೋಟೆಯಲ್ಲಿ ಬಸ್ಸು ಬದಲಿಸಿ ಕೃಷ್ಣಗಿರಿಗೆ ಬರೋ ಹೊತ್ತಿಗೆ ಪೆಟ್ಟಿಗೆ ಹೊತ್ತು ನನ್ನ ಹೆಗಲು ಒಂದು ಕಡೆ ವಾಲಿತ್ತು. ಹಾಸ್ಟೆಲ್ ಬಾಗಿಲಲ್ಲಿ ವಾರ್ಡನ್ ಅಮ್ಮ ಸಾಮಾನು ತಪಾಸಣೆ ಮಾಡುತ್ತಿದ್ದರು. ಕೋಲನ್ನು ಎತ್ತಿ ಹಿಡಿದು, "ಇದು ಎನ್ನ?" ಅಂತ ತಮಿಳಲ್ಲಿ ಕೇಳಿದರು.

ಫ್ಯಾಕ್ಟರಿ ತಮಿಳಲ್ಲಿ ನನ್ನನ್ನು ಮೀರಿಸೋರು ಇಲ್ಲ. ಮುಂದೆ ಬಂದು ವಿವರಿಸಿದೆ. ನನ್ನ ತಮಿಳು ಕೇಳಿ ವಾರ್ಡನ್ ಅಮ್ಮ ಕೋಲನ್ನು ತಮ್ಮ ಹಿಂದಕ್ಕೆ ಇಟ್ಟುಕೊಂಡರು. ತಂಗಿ ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಹೇಳಿದಳು, ಇದು ರಾಗಿ ಮುದ್ದೆ ತಿರುವೋ ಕೋಲು, ಹೊಡೆಯೋದಕ್ಕಲ್ಲ ಅಂತ. "ಕೂಡಾದು. ರೂಮಲ್ಲಿ ಅಡಿಗೆ ಮಾಡಂಗಿಲ್ಲ" ಅಂತ ವಾರ್ಡನ್ ಅಮ್ಮ ಕೋಲನ್ನು ವಾಪಸ್ಸು ಕೊಡೋಕೆ ಬಂದರು.

ಅಷ್ಟರಲ್ಲಿ ಅಡಿಗೆ ಮನೆಯಿಂದ ಒಬ್ಬ ಅಕ್ಕ ಓಡಿ ಬಂದರು. ವೇಪನಪಲ್ಲಿ ಕಡೆಯವರಂತೆ, ಹಾಸ್ಟೆಲಿನ ಅಡಿಗೆಯವರು. ಕೋಲು ಕೈಗೆ ತಗೊಂಡು ಸವರಿ, "ಎಂಥಾ ಕೋಲಮ್ಮಾ! ನಾವಿಲ್ಲಿ ಸೌಟಲ್ಲಿ ತಿರುವಿ ತಿರುವಿ ಮುದ್ದೆಯೆಲ್ಲ ಗಂಟು. ಇದನ್ನ ನನ್ನ ಹತ್ರಾನೇ ಬಿಡಿ" ಅಂತ ಅಮ್ಮನ ಕೈ ಹಿಡಿದುಕೊಂಡರು. ಇಬ್ಬರೂ ರಾಗಿ ಹಿಟ್ಟಿನ ಚೀಲ ಎತ್ತಿಕೊಂಡು, ಮಾತಾಡುತ್ತಾ ಒಳಗೆ ಹೊರಟೇ ಹೋದರು.

ತಂಗಿಯ ಕಾಗದ ಪತ್ರ ಇನ್ನೂ ಮೇಜಿನ ಮೇಲೇ ಇತ್ತು, ಒಂದು ಫೋಟೋ ಕಮ್ಮಿ ಅಂತ. ನಮ್ಮ ಮನೆಯಿಂದ ಆ ಹಾಸ್ಟೆಲಿನಲ್ಲಿ ಮೊದಲು ಸೀಟು ಸಿಕ್ಕಿದ್ದು ಮುದ್ದೆ ಕೋಲಿಗೆ.

ಬೀಗದ ಕೈ

ಮಾರನೇ ದಿನ ಬೆಳಗ್ಗೆ ಆರು ಗಂಟೆಗೆ ಅಪ್ಪನ ಫೋನು ಬಡಿದುಕೊಂಡಿತು. ಯಾವುದೋ ಹೊಸ ನಂಬರು. ನಮ್ಮೂರಲ್ಲಿ ಸಿಗ್ನಲ್ಲು ನವಿಲಿನ ಹಾಗೆ. ಬರುತ್ತದೆ, ಒಂದು ಸಲ ಮುಖ ತೋರಿಸುತ್ತದೆ, ಹೋಗಿಬಿಡುತ್ತದೆ. ತಂಗಿಯ ದನಿ ಕೇಳಿಸಿತು: "ಅಪ್ಪಾ, ಬೇಗ ಅಣ್ಣನ್ನ ಕಳ್ಸು..." ಅಷ್ಟೇ. ಫೋನು ಸತ್ತಿತು.

ಅಪ್ಪ ಫೋನು ಕೆಳಗಿಟ್ಟರು. "ಎಂಟು ದಿನ ಅಂದಿದ್ದೆ. ಎಂಟು ಜಾವಾನೂ ತಡೀಲಿಲ್ಲ."

ಅಮ್ಮ ಸೆರಗಿಂದ ಕಣ್ಣೊರೆಸಿಕೊಂಡರು. ಅಜ್ಜಿ, "ಹಾಕಿದ ಮಡಿಲಕ್ಕಿ ಇನ್ನೂ ಬೆಂದಿರಲ್ಲ ಕಣೋ" ಅಂದರು.

ಅಪ್ಪ ನನಗೆ ಹೇಳಿದರು, "ಹೋಗು, ಕರ್ಕೊಂಡು ಬಾ. ಪೆಟ್ಟಿಗೇನೂ ತಗೊಂಡು ಬಾ. ಓದಿದ್ದು ಸಾಕು."

ತೊಂಬತ್ತೆಂಟು ಮಾರ್ಕಿನ ಹುಡುಗಿ ಇನ್ನು ಹುರುಳಿ ಹೊಲದಲ್ಲಿ ಕೂತು ನವಿಲು ಓಡಿಸಬೇಕಲ್ಲ ಅಂತ ಯೋಚನೆ ಮಾಡುತ್ತಾ ಸ್ನಾನಕ್ಕೆ ಹೋದೆ. ತಂಬಿಗೆ ನೀರು ಸುರಿದುಕೊಂಡೆ. ಸೊಂಟದ ಹತ್ತಿರ ಏನೋ ತಣ್ಣಗೆ ತಗುಲಿತು. ಮುಟ್ಟಿ ನೋಡಿದೆ.

ನನ್ನ ಉಡಿದಾರದಲ್ಲಿ ಮೋಟ್ರುಮನೆ ಬೀಗದ ಕೈ.

ಕಳೆಯಬಾರದು ಅಂತ ನಾನೇ ಕಟ್ಟಿಕೊಂಡಿದ್ದೆ. ಕಳೆದಿರಲಿಲ್ಲ, ನೋಡಿ. ನಾನು ಕಟ್ಟಿದ ಗಂಟು ಅಂದರೆ ಅದು. ತಂಗಿಯ ಬಟ್ಟೆ, ಪುಸ್ತಕ, ಫೋನು ಎಲ್ಲ ಕೃಷ್ಣಗಿರಿಯಲ್ಲಿ ಬೀಗದೊಳಗೆ, ಕೈ ಅಂಚೆಟ್ಟಿ ಕಾಡಲ್ಲಿ ನನ್ನ ಸೊಂಟದೊಳಗೆ.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಮರ್ಯಾದೆ ಹೋಗುತ್ತಿತ್ತು, ಹೇಳದೆ ಇದ್ದದ್ದಕ್ಕೆ ತಂಗಿಯ ಮರ್ಯಾದೆ ಹೋಗಿತ್ತು. ಅವಳದು ವಾಪಸ್ಸು ತರಬಹುದು ಅಂತ ಬಸ್ಸು ಹತ್ತಿದೆ.

ಹಾಸ್ಟೆಲ್ ಬಾಗಿಲಿಗೆ ತಂಗಿ ನಗುನಗುತ್ತಾ ಬಂದಳು. ಮೈ ಮೇಲೆ ಹೊಸ ಚೂಡಿದಾರ. ಪೆಟ್ಟಿಗೆಯ ತಳದಲ್ಲಿ ನಾನೇ ಮಡಿಸಿಟ್ಟಿದ್ದ ಚೂಡಿದಾರ!

"ಬೀಗ ಒಡೆದ್ಯಾ?" ಅಂದೆ.

"ಅದನ್ನ ಒಡೆಯೋಕಾಗುತ್ತಾ ಅಣ್ಣಾ? ಬೀಗ ಗಟ್ಟಿಯಾಗೇ ಐತೆ. ಪೆಟ್ಟಿಗೆ ತಿರುಗಿಸಿ ಹಿಂದಿನ ಸ್ಕ್ರೂ ಬಿಚ್ಚಿದೆ. ಚಮಚದ ಹಿಡಿ ಸಾಕಾಯ್ತು. ನಿನ್ನ ಕೈ ಬರೋ ಹೊತ್ತಿಗೆ ಕ್ಲಾಸಿಗೇ ಹೋಗಿ ಬಂದೆ. ಬರಬೇಡ ಅಂತ ಹೇಳೋಣ ಅಂದ್ರೆ ಊರಿಗೆ ಫೋನೇ ಸಿಗಲಿಲ್ಲ."

ಬೀಗದ ಕೈ ಕೊಟ್ಟೆ. ಆಮೇಲೆ ಮನೆಯಲ್ಲಿ ಆದದ್ದನ್ನು ಹೇಳಿದೆ: ಅಪ್ಪ, ಪೆಟ್ಟಿಗೆ, ಓದಿದ್ದು ಸಾಕು. ಅವಳ ನಗು ನಿಂತಿತು. "ನಾನು ಹೋಗಿ ಎಲ್ಲಾ ಸರಿಯಾಗಿ ಹೇಳ್ತೀನಿ" ಅಂದೆ.

"ನೀನು ಹೇಳಿದ್ರೆ ಅಪ್ಪ ನಂಬ್ತಾರಾ? ಇರು, ನಾನೇ ಹೇಳಿ ಕಳಿಸ್ತೀನಿ" ಅಂತ ಒಳಗೆ ಓಡಿದಳು. ಬರುವಾಗ ಕೈಯಲ್ಲಿ ಏನೂ ಇದ್ದ ಹಾಗೆ ಕಾಣಲಿಲ್ಲ. ಬೆನ್ನು ತಟ್ಟಿ, "ಹುಷಾರಾಗಿ ಹೋಗಣ್ಣಾ" ಅಂದಳು.

"ಅಪ್ಪನಿಗೆ ಏನು ಹೇಳ್ಲಿ?"

"ಏನೂ ಹೇಳ್ಬೇಡ. ಸುಮ್ನೆ ಮನೆಗೆ ಹೋಗು."

ದಾರಿಯುದ್ದಕ್ಕೂ ಜನ ನನ್ನನ್ನೇ ನೋಡುತ್ತಿದ್ದರು. ಕಾಲೇಜು ಹುಡುಗಿಯರು ನಕ್ಕರು, ಕಂಡಕ್ಟರು ನಕ್ಕ. ಹೊಸ ಶರ್ಟು ಹಾಕಿಕೊಂಡರೆ ನಾನು ಹಾಗೇ, ಜನಕ್ಕೆ ಕಣ್ಣು ಕೀಳೋದಕ್ಕಾಗೋದಿಲ್ಲ ಅಂದುಕೊಂಡು ಕಾಲರ್ ಎತ್ತಿ ಕೂತೆ.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಜಗಲಿ ಮೇಲೆ ಅಪ್ಪ, ಅಜ್ಜಿ ಇದ್ದರು. ನಾಲ್ಕು ದಿನದ ಡಿಗ್ರಿಯವನೂ ಕೂತಿದ್ದ, ಜೊತೆಗೊಬ್ಬಳು ಸಿಕ್ಕಿದಳು ಅನ್ನೋ ಖುಷಿಯಲ್ಲಿ.

"ಎಲ್ಲಿ ಹುಡುಗಿ?" ಅಪ್ಪ ಎದ್ದು ನಿಂತರು. "ಪೆಟ್ಟಿಗೆ ಎಲ್ಲಿ?"

"ನಾನು ಬುದ್ಧಿ ಹೇಳಿ, ಸಮಾಧಾನ ಮಾಡಿ..." ಅಂತ ಶುರು ಮಾಡಿ, ನೀರಿನ ಚೊಂಬು ತಗೊಳ್ಳೋಕೆ ಆ ಕಡೆ ತಿರುಗಿದೆ.

ಹಿಂದುಗಡೆ ಅಪ್ಪ ನಕ್ಕರು. ಅಪ್ಪ ನಗೋದು ಅಂದರೆ ಮೀಸೆ ಅಲ್ಲಾಡೋದು ಅಷ್ಟೇ. ಅವತ್ತು ಕಂಬ ಹಿಡಿದುಕೊಂಡು ನಕ್ಕರು. ಬಂದು ನನ್ನ ಬೆನ್ನಿಂದ ಏನನ್ನೋ ಕಿತ್ತು ಮುಖದ ಮುಂದೆ ಹಿಡಿದರು.

ಕೆಂಪು ಚೀಟಿ.

"ಅಳೋ ಹುಡುಗಿ ಇಂಥಾ ಕೆಲ್ಸ ಮಾಡ್ತಾಳೇನ್ಲಾ?" ಅಂದರು ಅಪ್ಪ, ಕಣ್ಣೊರೆಸಿಕೊಂಡು. "ಚೆನ್ನಾಗವ್ಳೆ ಬಿಡು. ಓದ್ಲಿ."

ನಾನು ಉಡಿದಾರದ ಕಥೆಯನ್ನೂ ಒಪ್ಪಿಕೊಳ್ಳಬೇಕಾಯಿತು. ಆಗಲಿ, ಕೆಲಸವಂತೂ ಆಯಿತು. ನಾನು ಬೀಗದ ಕೈ ತಂದುಬಿಡದೆ ಇದ್ದಿದ್ದರೆ ಅವಳ ಧೈರ್ಯ ಊರಿಗೆ ಗೊತ್ತಾಗುತ್ತಿತ್ತಾ? ಈ ಮಾತನ್ನೇ ದೊಡ್ಡ ದನಿಯಲ್ಲಿ ಹೇಳುತ್ತಾ ಉಂಡು ಕೈ ತೊಳೆದು ಒಳಗೆ ಮಲಗೋಕೆ ಹೊರಟೆ. ಅಜ್ಜಿ ಹೊಸಿಲಲ್ಲಿ ಅಡ್ಡ ಕೂತಿದ್ದರು.

"ಎಲ್ಲಿಗ್ಲಾ?"

"ಮಲಗೋಕೆ ಅಜ್ಜೀ."

"ಕೆಂಪು ಚೀಟಿ ಬಿದ್ದಿದ್ದು ಒಳಗೆ ಇರಂಗೇ ಇಲ್ಲ ಅಂದಿದ್ದೆ. ಅದು ರೂಲ್ಸು ಅಂದಿದ್ದೆ. ಚಾಪೆ ಆಚೆ ಜಗಲಿ ಮೇಲೆ ಹಾಸಿದೀನಿ, ಹೋಗು. ಹೊದ್ಕಳಕ್ಕೆ ನಿಮ್ಮ ತಾತನ ಕಂಬಳೀನೂ ಅಲ್ಲೇ ಐತೆ. ಎರಡೂ ಒಂದೇ ಚೀಟಿಯವು, ಜೊತೇಲಿ ಮಲ್ಕೊಳ್ಳಿ."