ಟೀವಿಯಲ್ಲಿ ಅಳದ ನಮ್ಮ ಮೌಶಿ

ನಮ್ಮ ಮೌಶಿಯ ಎದುರು ಹತ್ತು ನಿಮಿಷ ನಿಂತರೆ ನೀವು ತೊಟ್ಟ ಬಟ್ಟೆ ನಿಮ್ಮದಾಗಿ ಉಳಿಯುವುದಿಲ್ಲ. ಕಳ್ಳತನ ಎಂದುಕೊಳ್ಳಬೇಡಿ. ಆಕೆ ಮೊದಲು ನಿಮ್ಮ ಭುಜ ನೋಡುತ್ತಾಳೆ, ಆಮೇಲೆ ತೋಳು ನೋಡುತ್ತಾಳೆ, ಆಮೇಲೊಂದು ನಿಟ್ಟುಸಿರು ಬಿಡುತ್ತಾಳೆ. "ಯಾರ್ ಹೊಲದಾರ್ರಿ ಇದನ್ನ? ನಿಮ್ಮ ಮ್ಯಾಲೆ ಅವರಿಗೇನ್ ಸಿಟ್ಟಿತ್ತು?" ಎಂದು ಕೇಳುತ್ತಾಳೆ. ನೀವು ಉತ್ತರ ಹುಡುಕುವಷ್ಟರಲ್ಲಿ ಬಗಲಿನ ಹೊಲಿಗೆ ಬಿಚ್ಚಿ ಹೋಗಿರುತ್ತದೆ. ಮದುವೆಗಳಲ್ಲಿ ನಾವು ಬಂಧುಗಳು ಆಕೆ ಯಾವ ಸಾಲಿನಲ್ಲಿ ಕೂತಿದ್ದಾಳೆಂದು ನೋಡಿಕೊಂಡು ಅದರ ಹಿಂದಿನ ಸಾಲಿಗೆ ಹೋಗಿ ಕೂರುವುದು ಸುಮ್ಮನೆ ಅಲ್ಲ.

ಮೌಶಿ ಎಂದರೆ ಅವ್ವನ ತಂಗಿ. ಇಬ್ಬರ ತವರೂ ಭಾಲ್ಕಿ ಹತ್ತಿರದ ಹಲಬರ್ಗಾ. ಆ ಮನೆಯ ಗೋಡೆಯ ಮೇಲೆ ಬುದ್ಧನ ಪಕ್ಕದಲ್ಲಿ ನೀಲಿ ಸೂಟಿನ ದೊಡ್ಡ ಫೋಟೊ ಇತ್ತು, ನಮ್ಮ ಸಮಾಜದ ಎಲ್ಲರ ಮನೆಯಲ್ಲೂ ಇರುವಂಥದ್ದೇ. ಅಜ್ಜ ದಿನವೂ ಹೆಣ್ಣುಮಕ್ಕಳಿಬ್ಬರನ್ನೂ ಅದರ ಮುಂದೆ ನಿಲ್ಲಿಸಿ, ಓದಿ ಹೀಗಾಗಬೇಕು ಎನ್ನುತ್ತಿದ್ದ. ಅವ್ವ ಓದಿದಳು, ಬೀದರಿನ ಶಾಲೆಯಲ್ಲಿ ಟೀಚರಾದಳು. ಮೌಶಿಗೆ ಮಾತ್ರ ಆ ಸೂಟಿನ ಕಾಲರು ಅಷ್ಟು ಚೆಂದ ಹೇಗೆ ಕೂತಿದೆ ಎಂಬುದೇ ಚಿಂತೆ. ತಿಳಿದುಕೊಳ್ಳಲು ಅಜ್ಜನ ಬಳಿ ಇದ್ದ ಒಂದೇ ಒಂದು ಕೋಟನ್ನು ಬಿಚ್ಚಿದಳು. ಮರಳಿ ಜೋಡಿಸಿದಾಗ ಎರಡೂ ತೋಳು ಒಂದೇ ಕಡೆ ಬಂದಿದ್ದವು ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ.

"ಸುಳ್ಳ ಹೇಳಬ್ಯಾಡ ಅಕ್ಕಾ. ಒಂದೇ ತೋಳು ಉಲ್ಟಾ ಆಗಿತ್ತು" ಎನ್ನುತ್ತಾಳೆ ಮೌಶಿ.

ಆಕೆಯ ಮದುವೆಯಲ್ಲಿ ನಾನು ಚಿಕ್ಕವಳು. ಗಂಡು ಔರಾದ ಕಡೆಯ ಡಾಬಕಾದವರು. ಬಿಳಿ ಸೀರೆಯಲ್ಲಿ ಮದುಮಗಳು, ಬಿಳಿ ಕೋಟಿನಲ್ಲಿ ಮದುಮಗ, ಎದುರಿಗೆ ಮದುವೆ ಮಾಡಿಸುವ ಬೌದ್ಧ ಭಿಕ್ಷು, ಭಂತೇಜಿ. ಇನ್ನೇನು ವಂದನೆ ಶುರುವಾಗಬೇಕು, ಮೌಶಿ ಗಂಡನಾಗುವವರ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಕೋಟು ಅವರಿಗಿಂತ ಎರಡು ಬೆರಳು ಮುಂದೆ ನಿಂತಿತ್ತು. ಸೆರಗಿನಲ್ಲಿ ಚುಚ್ಚಿಕೊಂಡಿದ್ದ ಸೂಜಿ ಹೊರಬಂತು. "ಜರಾ ಕೈ ಮ್ಯಾಲೆ ಮಾಡ್ರಿ" ಎಂದಳು. ಅವರು ಮಾಡಿದರು. ಗಂಡಿನ ಕಡೆಯವರು ಇದು ಹಲಬರ್ಗಾದ ಕಡೆಯ ಪದ್ಧತಿ ಇರಬೇಕೆಂದು ಸುಮ್ಮನೆ ನಿಂತರು. ಭಂತೇಜಿ ಕಣ್ಣು ಮುಚ್ಚಿದರು, ಧ್ಯಾನಕ್ಕೋ ನಗು ತಡೆಯಲಿಕ್ಕೋ ಯಾರಿಗೆ ಗೊತ್ತು? ನಮ್ಮ ಕಾಕಾ, ಅಂದರೆ ಮೌಶಿಯ ಗಂಡ, ತಮ್ಮ ಸಂಸಾರದ ಕತೆಯನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: "ಅವತ್ತ ಮ್ಯಾಲೆ ಮಾಡಿದ ಕೈ, ಇನ್ನೂ ಇಳಿಸಿಲ್ಲ."

ಮದುವೆಯಾಗಿ ಎರಡು ವರ್ಷ ಮಳೆ ಬರಲಿಲ್ಲ. ಡಾಬಕಾದ ಬಾವಿಗಳು ಒಣಗಿದವು, ಊರಿನ ಅರ್ಧ ಜನ ಪುಣೆಗೆ ಹೊರಟರು. ಕಾಕಾನಿಗೆ ಅಲ್ಲೊಂದು ಕಟ್ಟಡದ ಕೆಲಸ ಸಿಕ್ಕಿತ್ತು. ಎಲ್ಲರೂ ಪಾತ್ರೆ, ಹಾಸಿಗೆ, ಜೋಳದ ಚೀಲ ಹೊತ್ತು ಬಸ್ಸು ಹತ್ತಿದರೆ ಮೌಶಿ ಹೊಲಿಗೆ ಯಂತ್ರ ಹೊತ್ತು ಹತ್ತಿದಳು. ಅದನ್ನು ಕಿಟಕಿ ಪಕ್ಕದ ಸೀಟಿನಲ್ಲಿ ಕೂರಿಸಿ, ಬೀಳದಂತೆ ಹೆಗಲ ಮೇಲೆ ಕೈ ಹಾಕಿಕೊಂಡು ಕೂತಳಂತೆ.

"ಇದಕ್ಕೂ ಟಿಕೇಟ್ ತಗೋಬೇಕಾಗ್ತದ ನೋಡ್ರಿ" ಎಂದ ಕಂಡಕ್ಟರ್.

"ಅರ್ಧಾ ಕೊಡ್ರಿ. ಅದಕ್ಕಿನ್ನೂ ಹನ್ನೆರಡು ತುಂಬಿಲ್ಲ" ಎಂದಳು ಮೌಶಿ.

ಪುಣೆಯಲ್ಲಿ ಒಂದು ಗಾರ್ಮೆಂಟ್ ಕಾರ್ಖಾನೆ ಸೇರಿದಳು. ಅಲ್ಲಿ ಆಕೆಯ ಕೆಲಸ ಎಡತೋಳು ಕೂರಿಸುವುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಎಡತೋಳು, ಮರುದಿನ ಮತ್ತೆ ಎಡತೋಳು. ಬಲತೋಳಿನ ಹೆಂಗಸು ಬೇರೆ. ಎರಡು ವರ್ಷ ಹೀಗೇ ಹೋಯಿತು. "ಪುಣಾದ ಮಂದಿ ಹ್ಯಾಂಗಿದ್ರು ಮೌಶಿ?" ಎಂದು ನಾನು ಕೇಳಿದರೆ, "ಎಡಗಡಿ ಛಲೋ ಇದ್ರು. ಬಲಗಡಿದು ನನಗ ಗೊತ್ತಿಲ್ಲ" ಎಂದಿದ್ದಳು.

ಒಂದು ದಿನ ಬದಿ ಹೊಲಿಯುವವಳು ರಜೆ ಹಾಕಿದ್ದರಿಂದ ಆ ಕುರ್ಚಿಗೆ ಮೌಶಿಯನ್ನು ಕೂರಿಸಿದರು. ಅದು ಹೆಂಗಸರ ಕುರ್ತಾಗಳ ಕಟ್ಟು. ನೋಡುತ್ತಾಳೆ, ಒಂದಕ್ಕೂ ಕಿಸೆ ಇಲ್ಲ. ಉಳಿದ ತುಂಡುಗಳನ್ನು ಬಳಸಿ ಇಡೀ ಕಟ್ಟಿಗೆ ಕಿಸೆ ಇಟ್ಟು ಕಳಿಸಿದಳು. ಸೂಪರ್‌ವೈಸರ್ ಓಡಿ ಬಂದು, ಡಿಸೈನಿನಲ್ಲಿ ಕಿಸೆ ಎಲ್ಲಿದೆ ತೋರಿಸು ಎಂದು ಕೂಗಾಡಿದನಂತೆ. ಮೌಶಿ ಶಾಂತವಾಗಿ, ಈ ಡಿಸೈನು ಮಾಡಿದವನು ಮನೆಯ ಕೀಲಿಕೈ ಎಲ್ಲಿ ಇಟ್ಟುಕೊಳ್ಳುತ್ತಾನೆ ಎಂದು ಕೇಳಿದಳಂತೆ. ಸಂಜೆಯೊಳಗೆ ಕೆಲಸ ಹೋಯಿತು.

ಅಷ್ಟರಲ್ಲಿ ಈ ಕಡೆ ಮಳೆಯೂ ಬಂದಿತ್ತು. ಕಾಕಾ ಡಾಬಕಾದ ಹೊಲ ಹಿಡಿದರು, ಮೌಶಿ ಬೀದರಿನ ನೌಬಾದದಲ್ಲಿ ಅಂಗಡಿ ಹಿಡಿದಳು. ಬೋರ್ಡಿನ ಮೇಲೆ 'ಟೇಲರ್' ಎಂದು ಬರೆಸಲಿಲ್ಲ, 'ಫ್ಯಾಷನ್ ಡಿಸೈನರ್' ಎಂದೇ ಬರೆಸಿದಳು. ಎರಡಕ್ಕೂ ಏನು ವ್ಯತ್ಯಾಸ? ನಾನೂ ಕೇಳಿದ್ದೆ. "ಟೇಲರ್ ನೀವ್ ಹೇಳಿದ್ದು ಹೊಲಿತಾನ. ಡಿಸೈನರ್ ಕೇಳಂಗಿಲ್ಲ" ಎಂದಳು. ಈ ಸಿದ್ಧಾಂತದ ಮೊದಲ ಬಲಿ ಅವ್ವನ ಶಾಲೆಯ ಹೆಡ್‌ಮೇಡಂ. ಅವರು ಹೇಳಿದ್ದು ಒಂದು ಸಾದಾ ಕುಪ್ಪಸ. ಕೈಗೆ ಬಂದದ್ದು ಒಳಬದಿಗೆ ಮೊಬೈಲಿನ ಕಿಸೆ ಇದ್ದ ಕುಪ್ಪಸ. ಸಿಟ್ಟಿನಿಂದ ಅಂಗಡಿಗೆ ಬಂದು ಅರ್ಧ ಗಂಟೆ ಬೈದು ಹೋದರು. ಮುಂದಿನ ವಾರ ಮತ್ತೆ ಬಂದರು, ಕೈಯಲ್ಲಿ ದೊಡ್ಡ ಚೀಲ. "ಇವಕ್ಕೂ ಹಂಗೇ ತಪ್ಪು ಮಾಡಿ ಕೊಡವ್ವ" ಎಂದರು.

ಟೀವಿಯ ಫ್ಯಾಷನ್ ಸ್ಪರ್ಧೆಗೆ ಅರ್ಜಿ ತುಂಬಿದ ಪಾಪ ನನ್ನದು. ಆಯ್ಕೆ ಹೈದರಾಬಾದಿನಲ್ಲಿತ್ತು. ಸಾಲಿನಲ್ಲಿ ನಿಂತವರೆಲ್ಲ ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಹುಡುಗಿಯರು. ಮೂಗಿಗೂ ತುಟಿಗೂ ರಿಂಗು. ನಡುವೆ ನಲವತ್ತು ದಾಟಿದ ನಮ್ಮ ಮೌಶಿ, ಕೊರಳಲ್ಲಿ ಅಳತೆಯ ಟೇಪು. ಯಾವ ಸಂಸ್ಥೆಯಲ್ಲಿ ಕಲಿತಿರಿ ಎಂದು ತೀರ್ಪುಗಾರರು ಕೇಳಿದರು. ಮೌಶಿ ತನ್ನ ಬೀದರ ಹಿಂದಿಯಲ್ಲಿ, "ಪುಣೆ. ಎಡತೋಳು ವಿಭಾಗ" ಎಂದಳು. ಅವರು ಬಿದ್ದು ಬಿದ್ದು ನಕ್ಕರು. ಆದರೆ ಆಕೆ ತಂದಿದ್ದ ಬಟ್ಟೆಗಳನ್ನು ತಿರುವಿ, ಒಳಗಿನ ಹೊಲಿಗೆ ನೋಡಿದ ಮೇಲೆ ನಗು ನಿಂತಿತು. ಮೌಶಿ ಮುಂಬೈಗೆ ಹೋದಳು.

ಅಲ್ಲಿನ ಮೊದಲ ಜಗಳ ಮಾಡೆಲ್ಲುಗಳ ಹೊಟ್ಟೆಯ ಮೇಲೆ. ಈಕೆಯ ಪಾಲಿಗೆ ಬಂದ ಹುಡುಗಿ ಬೆಳಿಗ್ಗೆಯಿಂದ ಎರಡು ಸೌತೆಕಾಯಿ ಹೋಳು ಮಾತ್ರ ತಿಂದಿದ್ದಾಳೆಂದು ತಿಳಿದು ಮೌಶಿ ಕತ್ತರಿ ಕೆಳಗಿಟ್ಟಳು. ಊರಿಂದ ಕಟ್ಟಿಕೊಂಡು ಹೋಗಿದ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ಹೊರಬಂದವು. ಹುಡುಗಿ ಮೂರು ರೊಟ್ಟಿ ತಿಂದಳು. ಮರುದಿನ ಗೌನಿನ ಜಿಪ್ಪು ಏರಲಿಲ್ಲ. ಮೌಶಿ ನಿಂತ ನಿಲುವಿನಲ್ಲಿ ಎರಡೂ ಬದಿ ಬಿಚ್ಚಿ ಬೇರೆ ಬಣ್ಣದ ಪಟ್ಟಿ ಸೇರಿಸಿದಳು. ಆ ಪಟ್ಟಿಯೇ ಗೌನಿನ ಜೀವ ಎಂದು ತೀರ್ಪುಗಾರರು ಹೊಗಳಿ ವಾರದ ಗೆಲುವು ಕೊಟ್ಟರು. ಅದರ ನಂತರ ಮಾಡೆಲ್ಲುಗಳಲ್ಲಿ ಈಕೆಯ ಪಾಲಿಗೆ ಬರಲು ಪೈಪೋಟಿ.

ಇಲ್ಲಿ ಬೀದರಿನಲ್ಲಿ ಪ್ರತಿ ಶನಿವಾರ ಮೌಶಿಯನ್ನು ಟೀವಿಯಲ್ಲಿ ನೋಡಲು ಬಂದವರಿಂದ ನಮ್ಮ ಮನೆ ತುಂಬುತ್ತಿತ್ತು. ಅವ್ವ ಮಾತ್ರ ಒಳಗಿನ ಕೋಣೆಯಿಂದಲೇ ಕೇಳುತ್ತಿದ್ದಳು. ಆ ವರ್ಷದ ಆರಂಭದಲ್ಲಿ ಅವ್ವನ ಎದೆಯಲ್ಲಿ ಗಂಟು ಕಂಡು, ಆಪರೇಷನ್ ಮಾಡಿ ಎಡಗಡೆಯ ಎದೆ ತೆಗೆದಿದ್ದರು. ರೋಗ ಪೂರಾ ಹೋಗಿದೆ ಎಂದು ಡಾಕ್ಟರು ಹೇಳಿ ಎಷ್ಟೋ ತಿಂಗಳಾಗಿತ್ತು. ಆದರೆ ಅವ್ವ ಹೊಸ್ತಿಲು ದಾಟುತ್ತಿರಲಿಲ್ಲ. ಬಿಸಿಲಿನಲ್ಲೂ ಮೈತುಂಬ ಶಾಲು ಹೊದ್ದು ಕೂರುತ್ತಿದ್ದಳು. ಶಾಲೆಯ ರಜೆ ಮುಂದಕ್ಕೆ ಹಾಕುತ್ತಲೇ ಇದ್ದಳು. ಇದನ್ನು ಬರೆಯಲೋ ಬೇಡವೋ ಎಂದು ಅವ್ವನನ್ನೇ ಕೇಳಿದೆ. "ಬರಿ. ಮುಚ್ಚಿಡೋದು ಸಾಕಾಗೇದ" ಎಂದಳು.

ಸ್ಪರ್ಧೆಯಲ್ಲಿ ಐವರು ಉಳಿದಾಗ ಟೀವಿಯವರು ಮೌಶಿಯ 'ಬದುಕಿನ ಕತೆ' ತೆಗೆಯಲು ಡಾಬಕಾಕ್ಕೆ ಬಂದರು. ಮೌಶಿಯನ್ನೂ ಕರೆತಂದಿದ್ದರು. ನಾನೂ ಕಾಕಾನ ಜೊತೆ ಅಲ್ಲಿದ್ದೆ. ಅವರಿಗೆ ಬೇಕಾದದ್ದು ಬರ, ಬಿರುಕು ಬಿಟ್ಟ ನೆಲ, ಮೌಶಿಯ ತಲೆಯ ಮೇಲೊಂದು ಕೊಡ, ಕಣ್ಣಲ್ಲಿ ಒಂದೆರಡು ಹನಿ. ಆದರೆ ಆ ವರ್ಷ ಮಳೆ ಚೆನ್ನಾಗಿತ್ತು, ತೊಗರಿ ಎದೆಮಟ್ಟ ನಿಂತಿತ್ತು. ಟೀವಿಯವರು ಬರುತ್ತಾರೆಂದು ಇಡೀ ಊರು ಮೌಶಿ ಹೊಲಿದ ಹೊಸ ಬಟ್ಟೆ ತೊಟ್ಟು ಸಾಲಾಗಿ ನಿಂತಿತ್ತು. ಕ್ಯಾಮೆರಾದವನ ಮುಖ ಸಪ್ಪಗಾಯಿತು. ಯಾರ ಹತ್ತಿರವೂ ಹಳೆಯ, ಹರಿದ ಬಟ್ಟೆ ಇಲ್ಲವೇ ಎಂದು ಕೇಳಿಸಿದ.

ಪಕ್ಕದ ಮನೆಯ ಮುದುಕಿ ಮುಂದೆ ಬಂದಳು. "ಎಲ್ಲಿ ಉಳಿತಾವ್ರಿ? ಹಳೇವೆಲ್ಲಾ ಈಕಿ ಕೌದಿ ಹೊಲದಾಳ."

ಆಮೇಲೆ ಮೌಶಿಯ ಕೈಗೆ ಕೊಡ ಕೊಟ್ಟರು. ಆಕೆ ಅದನ್ನು ತಿರುಗಿಸಿ ನೋಡಿ ಕೆಳಗಿಟ್ಟಳು. "ನಮ್ಮನಿಗೆ ನಳ ಬಂದು ಭಾಳ ವರ್ಷ ಆತ್ರಿ" ಎಂದಳು. ಪುಣೆಗೆ ಗುಳೆ ಹೋದ ನೋವನ್ನಾದರೂ ಹೇಳಿ ಎಂದು ಬೇಡಿಕೊಂಡರು. ಮೌಶಿ ಕ್ಯಾಮೆರಾದ ಮುಂದೆ ಕೂತು, ಪುಣೆಯಲ್ಲಿ ಮೊದಲ ಸಲ ಸರಿಯುವ ಮೆಟ್ಟಿಲು ಹತ್ತಿದ್ದು, ತುದಿಯಲ್ಲಿ ಕಾಲಿಡಲು ಹೆದರಿ ಕಾಕಾ ಮೂರು ಸಲ ಹಿಂದಕ್ಕೆ ಓಡಿದ್ದು, ಎಲ್ಲ ಹೇಳಿ ತಾನೇ ಹೊಟ್ಟೆ ಹಿಡಿದು ನಕ್ಕಳು. "ಕಷ್ಟ ಇತ್ತರಿ. ಖರೇ. ಆದ್ರ ಅದನ್ನ ನಾವ್ ದಾಟಿ ಬಂದೇವಿ. ಮತ್ತ ಹೋಗಿ ಅದರಾಗ ಯಾಕ ನಿಂದರಬೇಕು?" ಎಂದಳು. ಅಳು ಸಿಗದೆ ಅವರು ತೊಗರಿ ಹೊಲದ ಚಿತ್ರ ತೆಗೆದುಕೊಂಡು ಹೋದರು.

ನಾಲ್ವರು ಉಳಿದ ವಾರ ಬಂದ ಪರೀಕ್ಷೆ ಇದು: ನಿಮ್ಮ ಮನೆಯವರೊಬ್ಬರಿಗೆ ಬಟ್ಟೆ ಹೊಲಿದು ಅವರನ್ನೇ ವೇದಿಕೆಯ ಮೇಲೆ ನಡೆಸಬೇಕು. ಮೌಶಿ ಅವ್ವನಿಗೆ ಫೋನ್ ಮಾಡಿದಳು.

"ನಾ ಬರಂಗಿಲ್ಲ" ಎಂದಳು ಅವ್ವ.

"ಬರಬ್ಯಾಡ. ಡಾಬಕಾದಿಂದ ಒಂದು ಕುರಿ ತರಸ್ತೇನಿ. ಅದಕ್ಕೇ ಸೀರಿ ಉಡಿಸಿ, ಇವರು ನಮ್ಮಕ್ಕ, ಟೀಚರ್ ಇದ್ದಾರ ಅಂತ ಹೇಳ್ತೇನಿ."

ಅವ್ವ ನಕ್ಕಳು. ಎಷ್ಟೋ ತಿಂಗಳ ನಂತರ ನಾನು ಕೇಳಿದ ನಗು ಅದು. ಮೂರನೆಯ ದಿನ ಅವಳನ್ನು ಕರೆದುಕೊಂಡು ನಾನು ಮುಂಬೈ ರೈಲು ಹತ್ತಿದೆ.

ಅಳತೆ ತೆಗೆಯುವ ಕೋಣೆಗೂ ಕ್ಯಾಮೆರಾ ಬಂತು. "ಹೊರಗ ನಡೀರಿ" ಎಂದು ಮೌಶಿ ಬಾಗಿಲು ಹಾಕಿದಳು. ಒಳಗೆ ನಾವು ಮೂವರೇ. ಅವ್ವ ಗೋಡೆ ನೋಡುತ್ತ ನಿಂತಿದ್ದಳು. ಮೌಶಿ ಜೀವಮಾನದಲ್ಲಿ ಮೊದಲ ಸಲ ಏನೂ ಮಾತಾಡದೆ ಅಳತೆ ತೆಗೆದಳು. ಕುಪ್ಪಸ ಹೊಲಿದಾದ ಮೇಲೆ ಅದರ ಎಡಗಡೆ ಒಳಗೆ ಹತ್ತಿ ತುಂಬಿ ನೋಡಿದಳು. ತಲೆ ಅಲ್ಲಾಡಿಸಿದಳು. "ಹತ್ತಿ ಹಗುರಾತು. ನಡೆಯುವಾಗ ಮ್ಯಾಲೆ ಏರ್ತದ. ಜರಾ ತೂಕ ಬೇಕು" ಎಂದು ಅಡಿಗೆಮನೆಗೆ ಹೋಗಿ ಏನೋ ತಂದಳು. ಮೆತ್ತನೆಯ ಮಲ್ ಬಟ್ಟೆಯ ಪುಟ್ಟ ಚೀಲ ಹೊಲಿದು ಅದನ್ನು ತುಂಬಿ, ಹತ್ತಿಯ ನಡುವೆ ಕೂರಿಸಿದಳು. ಆ ದಿನ ಅಲ್ಲಿನ ಅಡಿಗೆಯವನು ಒಗ್ಗರಣೆಗೆ ಸಾಸಿವೆ ಎಲ್ಲಿ ಹೋಯಿತೆಂದು ಬಹಳ ಹೊತ್ತು ಹುಡುಕಿದ. ಅವ್ವ ಕುಪ್ಪಸ ತೊಟ್ಟು ಕನ್ನಡಿಯ ಕಡೆ ತಿರುಗಿದಳು. ಶಾಲಿಗೆ ಕೈ ಹಾಕಲಿಲ್ಲ.

ಬಾಗಿಲು ಯಾಕೆ ಹಾಕಿದಿರಿ ಎಂದು ಕಾರ್ಯಕ್ರಮದ ಒಬ್ಬ ಹುಡುಗಿ ನನ್ನನ್ನು ಕೇಳಿದಳು. ನಾನು ಬಾಯಿ ಹಿಡಿಯದೆ ಹೇಳಿಬಿಟ್ಟೆ. ಅವಳ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಮೌಶಿಯ ಹತ್ತಿರ ಓಡಿ, ಇದನ್ನು ವೇದಿಕೆಯ ಮೇಲೆ ಹೇಳಿ, ದೇಶವೇ ಅಳುತ್ತದೆ, ನೀವೇ ಗೆಲ್ಲುತ್ತೀರಿ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ.

ಮೌಶಿ ಅವಳ ಕೆನ್ನೆ ಸವರಿದಳು. ಅವಳಿಗೆ ತಿಳಿಯಲಿ ಎಂದು ಹಿಂದಿಯಲ್ಲಿ ಏನೋ ಹೇಳಿ, ಆಮೇಲೆ ನನ್ನ ಕಡೆ ತಿರುಗಿ ಅದನ್ನೇ ನಮ್ಮ ಮಾತಿನಲ್ಲಿ ಹೇಳಿದಳು: "ಅದು ನಮ್ಮಕ್ಕನ ಮೈ. ನನ್ನ ಡಿಸೈನ್ ಅಲ್ಲ."

ಅವ್ವ ಹಸಿರು ಅಂಚಿನ ಬಿಳಿ ಸೀರೆ, ಮೊಣಕೈವರೆಗಿನ ಹಸಿರು ಕುಪ್ಪಸದಲ್ಲಿ ಅಷ್ಟು ದೀಪಗಳ ನಡುವೆ ನಡೆದಳು. ಬೆನ್ನು ನೆಟ್ಟಗೆ, ಗಂಟೆ ಬಾರಿಸಿದ ಮೇಲೆ ತರಗತಿಗೆ ಹೋಗುವವಳ ಹಾಗೆ. ಬಟ್ಟೆ ತೀರ ಸಾದಾ ಆಯಿತು, ಹೊಸ ಯೋಚನೆ ಎಲ್ಲಿದೆ ಎಂದು ತೀರ್ಪುಗಾರರು ಕೇಳಿದರು. ಮೌಶಿ ಕೈಮುಗಿದು ನಕ್ಕಳು. ಆ ವಾರ ಹೊರಬಿದ್ದವಳು ಅವಳೇ. ಉಳಿದ ಮೂವರು ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತರೆ, ಈಕೆ ಅವರ ಭುಜದ ಹೊಲಿಗೆ ಪರೀಕ್ಷಿಸುತ್ತ ನಿಂತದ್ದನ್ನು ನೀವೂ ಟೀವಿಯಲ್ಲಿ ನೋಡಿರಬಹುದು.

ಊರಿಗೆ ಬಂದ ಮರುದಿನ ಸೋಮವಾರ. ನೌಬಾದದ ಅಂಗಡಿಯಲ್ಲಿ ಹೆಂಗಸರು ನೆರೆದಿದ್ದರು, ನಾನೂ ಇದ್ದೆ. "ಅಷ್ಟು ಮುಂದ ಹೋಗಿ ಒಂದು ಸಾದಾ ಕುಪ್ಪಸಕ್ಕ ಸೋತೀದಲ್ಲವ್ವ" ಎಂದು ಒಬ್ಬರು ಲೊಚಗುಟ್ಟಿದರು. ಮೌಶಿ ಯಂತ್ರದ ಮೇಲೆ ಬಗ್ಗಿ, "ಹೌದ್ರಿ. ಹುಕಿತು, ತಪ್ಪಾತು" ಎಂದಳು.

ಆಗ ಬಾಗಿಲಲ್ಲಿ ಅವ್ವ ಕಾಣಿಸಿದಳು. ಅದೇ ಕುಪ್ಪಸ, ಹೆಗಲಲ್ಲಿ ಶಾಲೆಯ ಬ್ಯಾಗು. ಬಸ್ಸಿಗೆ ಹೋಗುವ ದಾರಿಯಲ್ಲಿ ನಿಂತಿದ್ದಳು. ಆ ಹೆಂಗಸಿನ ಮಾತು ಕೇಳಿಸಿತ್ತು.

"ಏನೂ ಹುಕಿಲ್ರಿ" ಎಂದಳು ಅವ್ವ. "ನನಗ ಬರೋಬ್ಬರಿ ಕೂತದ."

ಅಷ್ಟು ಹೇಳಿ ಹೊರಟು ಹೋದಳು. ಮೌಶಿ ತಲೆ ಎತ್ತಲಿಲ್ಲ. ಬಹಳ ಹೊತ್ತು ಯಂತ್ರ ತುಳಿಯುತ್ತಲೇ ಇದ್ದಳು. ನಾನು ಹತ್ತಿರ ಹೋಗಿ ನೋಡಿದೆ.

"ಮೌಶಿ, ಸೂಜಿಗೆ ದಾರಾನೇ ಇಲ್ಲ."

"ಗೊತ್ತದ" ಎಂದಳು. "ನೀ ಸುಮ್ಕಿರು."