ಪಾಲಾದ ತಗಡಿನ ಲಾರಿ

ಕೆಲವರ ಮನೆಗೆ ನೆಂಟರು ಹೇಳದೆ ಬರುತ್ತಾರೆ. ನಮ್ಮ ಮನೆಗೆ ಎಡವಟ್ಟುಗಳು ಬರುತ್ತವೆ, ಅದೂ ಗೇಟು ತೆಗೆದು, ಚಪ್ಪಲಿ ಕಳಚಿಟ್ಟು, ಮರ್ಯಾದೆಯಿಂದ.

ಪುತ್ತೂರಿನಲ್ಲಿ ಗೇಟು, ಗ್ರಿಲ್ಲು ಮಾಡುವ ವರ್ಕ್‌ಶಾಪನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನಮ್ಮ ಯಜಮಾನರು ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಕಾಲದ ಆಟಿಕೆ ಲಾರಿಗಳನ್ನು ರಿಪೇರಿ ಮಾಡುತ್ತಾರೆ. ಕಳೆದುಹೋದ ಬಂಪರು, ಮುರಿದ ಬಾಗಿಲು, ತುಕ್ಕು ತಿಂದ ಮಡ್‌ಗಾರ್ಡು, ಎಲ್ಲವನ್ನೂ ತಗಡು ಕತ್ತರಿಸಿ, ಬಡಿದು ಹೊಸತಾಗಿ ಮಾಡುತ್ತಾರೆ. ಗಿರಾಕಿಗಳ ಹತ್ತಿರ ಮಾತಾಡುವುದು, ಬಂದ ಪ್ರತಿ ತುಂಡಿಗೂ ಚೀಟಿ ಕಟ್ಟುವುದು, ಫೋಟೊ ತೆಗೆದಿಡುವುದು ಮತ್ತು ಹೆದರುವುದು ನನ್ನ ವಿಭಾಗ. ನಾನು ಆ ಕಾಲದ ಬಿ.ಎಸ್ಸಿ. ನನಗೆ ಎಲ್ಲವೂ ಕ್ರಮಪ್ರಕಾರ ಇರಬೇಕು.

೧. ಬೋರ್ಡು

ಬೋರ್ಡಿನ ವಾಕ್ಯ ನಾನೇ ಬರೆದದ್ದು: "ಹಳೆಯ ಲಾರಿಗಳ ಬಿಡಿಭಾಗಗಳನ್ನು ಅಳತೆಗೆ ತಕ್ಕಂತೆ ಮಾಡಿಕೊಡಲಾಗುವುದು." ತಪ್ಪಿಲ್ಲದ ಕನ್ನಡ ಅಂತ ಎರಡು ದಿನ ಹೆಮ್ಮೆಯಲ್ಲೇ ಇದ್ದೆ.

ಮೂರನೇ ದಿನ ಒಂದು ಟಿಪ್ಪರ್ ಬಂದು ನಮ್ಮ ಗೇಟಿಗೆ ಅಡ್ಡ ನಿಂತಿತು. ಅದರ ಹಿಂದೆ ಕಾರುಗಳು ಸಾಲುಗಟ್ಟಿ ಹಾರ್ನ್ ಹೊಡೆಯತೊಡಗಿದವು. ಡ್ರೈವರ್ ಇಳಿದು ಬಂದ.

"ಅಮ್ಮಾ, ಹಿಂದಿನ ಮಡ್‌ಗಾರ್ಡ್ ಹೋಗಿದೆ. ಒಂದು ಮಾಡಿಕೊಡಿ, ಅರ್ಜೆಂಟ್ ಉಂಟು."

ನಮ್ಮವರು ಆಗಷ್ಟೇ ಮುಗಿಸಿದ್ದ ಮಡ್‌ಗಾರ್ಡನ್ನು ತಂದು ಅವನ ಅಂಗೈಯಲ್ಲಿಟ್ಟರು. ಅದು ಅವನ ಹೆಬ್ಬೆರಳಿನ ಉಗುರಿನಷ್ಟಿತ್ತು. ಡ್ರೈವರ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಕೆಲಸ ಚಂದ ಉಂಟು ಮಾರಾಯ್ರೆ," ಎಂದ. "ಇಂಥದ್ದು ಎಷ್ಟು ಸೇರಿಸಿ ವೆಲ್ಡ್ ಮಾಡಿದರೆ ನನ್ನದು ಒಂದು ಆದೀತು?"

೨. ಮುಂದಿನ ಭಾಗ

ಬೋರ್ಡಿಗೆ 'ಆಟಿಕೆ' ಎಂಬ ಶಬ್ದ ಸೇರಿಸಿದ ಮೇಲೆ ಸುಳ್ಯದಿಂದ ಒಬ್ಬ ಹಿರಿಯರು ಬಂದರು. ಕೃಷಿಕರು, ಬಿಳಿ ಶರ್ಟು, ಕೈಯಲ್ಲಿ ಬಟ್ಟೆ ಚೀಲ. ಚೀಲದಿಂದ ತೆಗೆದದ್ದು ಹಸಿರು ಬಣ್ಣದ ಲಾರಿಯ ಮುಂಭಾಗ ಮಾತ್ರ: ಡ್ರೈವರ್ ಕೂರುವ ಜಾಗ, ಎರಡು ಚಕ್ರ. ಮತ್ತೇನಿಲ್ಲ.

"ಹಿಂದಿನದು ಎಲ್ಲಿ?" ಎಂದೆ.

"ಹೋದಲ್ಲಿಗೆ ಹೋಯ್ತು, ಬಿಡಿ. ಹೊಸತು ಮಾಡಿಕೊಡಿ. ಕೀಲಿ ಕೊಟ್ಟರೆ ಓಡ್ಬೇಕು."

ಅವರ ಅಮ್ಮ ಮಗಳ ಮನೆಯಲ್ಲಿದ್ದಾರಂತೆ. ಆಸ್ಪತ್ರೆಯಿಂದ ಬಂದ ಮೇಲೆ ಅವರದ್ದು ಒಂದೇ ಹಟ: ಅಪ್ಪ ಮಕ್ಕಳಿಗೆ ತಂದುಕೊಟ್ಟ ಲಾರಿ ಓಡುವುದನ್ನು ಇನ್ನೊಮ್ಮೆ ನೋಡಬೇಕು.

"ನಾನೇ ತೋರಿಸ್ಬೇಕು ಅಂತ ಉಂಟು. ನನ್ನ ತಮ್ಮನಿಗೆ ಮಾತ್ರ ಗೊತ್ತಾಗಬಾರದು. ಗೊತ್ತಾದರೆ ಅಮ್ಮನ ಮಂಚದ ಹತ್ತಿರವೇ ಜಗಳ ಸುರುವಾಗ್ತದೆ. ಅಮ್ಮ ಅದನ್ನು ತಾಳುದಿಲ್ಲ."

"ನಮ್ಮ ಬಾಯಿಂದ ಹೊರಗೆ ಹೋಗುವುದಿಲ್ಲ," ಎಂದೆ. ಚೀಟಿ ಕಟ್ಟಿ, ಫೋಟೊ ತೆಗೆದು, ಕಪಾಟಿನಲ್ಲಿಟ್ಟೆ.

ಹೋಗುವಾಗ ಅವರು ತಿರುಗಿ ನೋಡಿ, "ಅದರ ಮುಂದಿನ ಸೀಟು ನನ್ನದು," ಎಂದರು. ಅರುವತ್ತು ದಾಟಿದ ಮನುಷ್ಯ!

೩. ಹಿಂದಿನ ಭಾಗ

ಮರುವಾರ ಕಡಬದಿಂದ ಇನ್ನೊಬ್ಬರು ಬಂದರು. ಅದೇ ಮೂಗು, ಅದೇ ರೀತಿಯ ಬಟ್ಟೆ ಚೀಲ. ಚೀಲದಿಂದ ಲಾರಿಯ ಹಿಂಭಾಗ ಹೊರಗೆ ಬಂತು. ಅದೇ ಹಸಿರು. ನಾನು ಕಪಾಟಿಗೆ ಅಡ್ಡ ನಿಂತೆ.

"ಮುಂದಿನದು ಎಲ್ಲಿ?" ಎಂದೆ, ಗೊತ್ತಿಲ್ಲದವಳ ಹಾಗೆ.

"ಅಣ್ಣನ ಪಾಲಿಗೆ ಹೋಯ್ತು. ಗದ್ದೆ, ತೋಟ, ಹಂಡೆ ಎಲ್ಲ ಸರಿಸಮ ಪಾಲಾಯ್ತು. ಕೊನೆಗೆ ಉಳಿದದ್ದು ಇದೊಂದು. ಇಬ್ಬರೂ ಬಿಡ್ಲಿಲ್ಲ. ಪಂಚಾತಿಗೆಗೆ ಕೂತವರಿಗೆ ಊಟಕ್ಕೆ ತಡ ಆಗ್ತಿತ್ತು. ಅವರೇ ಜೋಡಣೆಯ ರಿವೆಟ್ ಮೊಳೆ ಕಳಚಿ ಎರಡು ಮಾಡಿ ಕೊಟ್ಟರು."

"ಮತ್ತೆ ಕೀಲಿ?"

"ಅದು ಅಣ್ಣನ ಹತ್ತಿರವೇ ಇರ್ಬೇಕು. ಅವ ಕೇಳಿದರೆ ಕೊಡುವ ಜನವಾ?"

ಸುಳ್ಯದ ಆ ಅಣ್ಣ ಫೋನಿನಲ್ಲಿ ಆಗಲೇ ಹೇಳಿದ್ದರು, ಕೀಲಿ ತಮ್ಮನ ಹತ್ತಿರ ಇದೆ ಅಂತ.

ಇವರಿಗೂ ಅಮ್ಮನಿಗೆ ತೋರಿಸಬೇಕು. ಅಣ್ಣನಿಗೆ ಗೊತ್ತಾಗಬಾರದು. ಗೊತ್ತಾದರೆ ಮಂಚದ ಹತ್ತಿರವೇ ಜಗಳ. ಮತ್ತೊಮ್ಮೆ "ನಮ್ಮ ಬಾಯಿಂದ ಹೊರಗೆ ಹೋಗುವುದಿಲ್ಲ" ಎಂದೆ. ಎರಡು ಗುಟ್ಟು ಒಂದೇ ಕಪಾಟಿನಲ್ಲಿ! ಮಧ್ಯದಲ್ಲಿ ರಟ್ಟು ಇಟ್ಟೆ.

ನಮ್ಮವರಿಗೆ ಮಾತ್ರ ಸಂತೋಷವೋ ಸಂತೋಷ. "ಒಳ್ಳೇದಾಯ್ತಲ್ಲ, ಒಂದನ್ನು ನೋಡಿ ಇನ್ನೊಂದು ಮಾಡ್ಬಹುದು. ಇಂಥ ಗಿರಾಕಿಗಳು ಜೋಡಿಯಲ್ಲೇ ಬರ್ಬೇಕು!"

೪. ರಿವೆಟ್ಟು

ಹೊಸ ಮುಂಭಾಗವೂ ಹೊಸ ಹಿಂಭಾಗವೂ ತಯಾರಾದವು. ಹಳೆಯ ಹಿಂಭಾಗದ ಸ್ಪ್ರಿಂಗಿಗೆ ಕೀಲಿ ಮಾತ್ರ ಆಗಲಿಲ್ಲ. ತೂತಿನ ಆಳದಲ್ಲಿರುವ ಕಡ್ಡಿಯ ಆಕಾರ ಕಣ್ಣಿಗೆ ಕಾಣುವುದಿಲ್ಲ. ಮಾಡಿದ ಕೀಲಿಗಳೆಲ್ಲ ಜಾರಿದವು. "ಒತ್ತಿ ತಿರುಗಿಸಿದರೆ ಸ್ಪ್ರಿಂಗ್ ತುಂಡಾದೀತು," ಎಂದರು ಇವರು.

ಶುಕ್ರವಾರ ಚಹಾ ತೆಗೆದುಕೊಂಡು ಶೆಡ್ಡಿಗೆ ಹೋದೆ. ಮೇಜಿನ ಮೇಲೆ ಎರಡು ಇಡೀ ಲಾರಿಗಳು. ಎರಡಕ್ಕೂ ಒಂದೇ ಹಸಿರು ಬಣ್ಣ, ಒಂದೇ ಹೊಳಪು. ನಾನು ಕಟ್ಟಿದ ಚೀಟಿಗಳು ಮೂಲೆಯ ಡಬ್ಬದಲ್ಲಿ.

"ಯಾವುದಕ್ಕೆ ಯಾವುದು ಹಾಕಿದಿರಿ?"

ಇವರ ಮುಖ ಹಬ್ಬದ ಹಾಗಿತ್ತು. "ಹೊಸತನ್ನು ಹಳೆಯದಕ್ಕೆ ಇಟ್ಟು ನೋಡಿದೆ, ಒಂದು ಕೂದಲೆಳೆ ಆಚೀಚೆ. ಆಮೇಲೆ ಹಳೆಯದಕ್ಕೆ ಹಳೆಯದೇ ಇಟ್ಟೆ. ಟಕ್ ಅಂತ ಕೂತಿತು! ಅಷ್ಟು ಚಂದ ಕೂತದ್ದನ್ನು ಬಿಡುದು ಹೇಗೆ? ರಿವೆಟ್ ಹೊಡೆದೆ."

"ಅಂದರೆ ಒಂದು ಲಾರಿ ಪೂರಾ ಹಳೆಯದು, ಇನ್ನೊಂದು ಪೂರಾ ಹೊಸತು?"

"ಹೌದು."

"ಬಿಚ್ಚಿ!"

"ಬಿಚ್ಚಿದರೆ ಹಳೆಯ ತಗಡು ಹರೀತದೆ."

ಅಣ್ಣ ತಮ್ಮ ಇಬ್ಬರೂ ನಾಳೆಯೇ ಬರುವವರು. ನಾನು ಬಿ.ಪಿ. ಮಾತ್ರೆಯ ಡಬ್ಬ ಹುಡುಕತೊಡಗಿದೆ. ಇವರು ಚಹಾ ಕುಡಿದು, ಸ್ವಲ್ಪ ಯೋಚಿಸಿ ಹೇಳಿದರು: "ನೀನು ಸುಮ್ಮನೆ ಹೆದರ್ತಿ. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಜಗಳ ಇಲ್ಲದೆ ಒಟ್ಟಾದ ಜೋಡಿ ಇದೊಂದೇ."

೫. ಶನಿವಾರ

ಗಿರಾಕಿಗಳಿಗೆ ನಾನು ಸಮಯ ಕೊಡುವುದು ಶನಿವಾರ ಮಾತ್ರ. ಅಣ್ಣನಿಗೆ ಬೆಳಿಗ್ಗೆ, ತಮ್ಮನಿಗೆ ಮಧ್ಯಾಹ್ನದ ಮೇಲೆ ಎಂದು ಹೇಳಿದ್ದೆ. ನಡುವೆ ಸುಬ್ರಹ್ಮಣ್ಯದಿಂದ ಒಬ್ಬ ಹೆಂಗಸು, "ಲಾರಿಯದ್ದೇ ಒಂದು ಸಣ್ಣ ಕೆಲಸ," ಎಂದು ಫೋನು ಮಾಡಿದ್ದರು. ಅವರಿಗೂ ಅದೇ ಶನಿವಾರ.

ಅಣ್ಣನನ್ನು ದಾರಿಯಲ್ಲಿ ಕೆದಂಬಾಡಿಯ ನೆಂಟರು ಊಟಕ್ಕೆ ಹಿಡಿದು ಕೂರಿಸಿದರು. ತಮ್ಮನಿಗೆ ಸವಣೂರಿನಲ್ಲಿ ಜೀಪು ಬೇಗ ಸಿಕ್ಕಿತು. ಇಬ್ಬರೂ ನಮ್ಮ ಗೇಟಿನಲ್ಲಿ ಒಟ್ಟಾದರು.

"ನೀ ಎಂತಕೆ ಇಲ್ಲಿ?"

"ನೀ ಎಂತಕೆ?"

ಒಳಗೆ ಕೂರಿಸಿ, ನೀರು ಬೆಲ್ಲ ಕೊಟ್ಟು, ಎರಡು ಲಾರಿಗಳನ್ನೂ ಮುಂದಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅಣ್ಣ ಹಳೆಯ ಲಾರಿಯನ್ನು ತಮ್ಮನ ಕಡೆ ಸರಿಸಿದರು. "ಹಳೆಯದು ಅವನಿಗೇ ಇರ್ಲಿ. ಸಣ್ಣವ."

"ಬೇಡ. ಅಣ್ಣನಿಗೇ ಇರ್ಲಿ."

"ನಾನು ಕೊಟ್ಟೆ ಅಂದ ಮೇಲೆ ತಕ್ಕೊಳ್ಳೋ!"

"ನನಗೆ ಕೊಡಲಿಕ್ಕೆ ನೀನು ಯಾರು?"

ಕೊಡುವುದಕ್ಕೇ ಜಗಳ ಸುರುವಾಯಿತು. ಅಲ್ಲಿಂದ ಅದು ನೇರ ಕೀಲಿಗೆ ಹೋಯಿತು. "ಕೀಲಿ ಇಟ್ಟುಕೊಂಡವ ನೀನು!" "ನಾನಾ? ನೀನು!" ಆ ಕೀಲಿ ಇಲ್ಲದೆ ಅಮ್ಮನಿಗೆ ಹಳೆಯ ಲಾರಿ ಓಡಿಸಿ ತೋರಿಸುವುದು ಹೇಗೆ? ನಾನು ಕಣ್ಣು ಮುಚ್ಚಿ ಕೂತೆ.

ಅಷ್ಟರಲ್ಲಿ ಬಾಗಿಲಲ್ಲಿ ಸುಬ್ರಹ್ಮಣ್ಯದ ಆ ಹೆಂಗಸಿನ ಸ್ವರ. ಬಿಸಿಲಿನಿಂದ ಬಂದ ಅವರಿಗೆ ಒಳಗಿದ್ದವರು ಕಾಣಿಸಿರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿ ನನ್ನ ಮುಂದೆ ಹಿಡಿದರು. ಒಂದು ಪುಟ್ಟ ಹಿತ್ತಾಳೆಯ ಕೀಲಿ.

"ಪಾಲಿನಲ್ಲಿ ನನಗೆ ಬಂದದ್ದು ಇದೊಂದೇ ಮಾರಾಯ್ರೆ," ಎಂದರು. "ಇದಕ್ಕೆ ಸರಿಯಾಗಿ ಒಂದು ಲಾರಿ ಮಾಡಿಕೊಡಿ."

"ಅಕ್ಕಾ!" ಎಂದು ಇಬ್ಬರೂ ಒಟ್ಟಿಗೆ ಎದ್ದು ನಿಂತರು.

ಅಕ್ಕ ತಮ್ಮಂದಿರನ್ನು ನೋಡಿದರು, ಲಾರಿಗಳನ್ನು ನೋಡಿದರು. ಎರಡರ ಕೀಲಿ ತೂತನ್ನೂ ಬೆರಳಿನಿಂದ ಮುಟ್ಟಿ ನೋಡಿ, ಹಳೆಯ ಲಾರಿಯನ್ನು ಎತ್ತಿ, ಕೀಲಿ ಹಾಕಿ ತಿರುಗಿಸಿದರು. ಕರ್ರ್ ಕರ್ರ್ ಎಂದಿತು. ಮೇಜಿನ ಮೇಲೆ ಇಟ್ಟದ್ದೇ ತಡ, ಲಾರಿ ನೀರಿನ ಲೋಟಗಳ ನಡುವಿನಿಂದ ಸೀದಾ ಹೊರಟು ಅಂಚು ದಾಟಿ ಕೆಳಗೆ ಬಿತ್ತು ಅನ್ನುವಾಗ, ಇಬ್ಬರೂ ಹಾರಿ ಹಿಡಿದರು.

ಅಣ್ಣ ಹಿಡಿದದ್ದು ಮುಂಭಾಗ. ತಮ್ಮ ಹಿಡಿದದ್ದು ಹಿಂಭಾಗ.

ನಾನು ಜನ್ಮದಲ್ಲೇ ಅಷ್ಟು ಜೋರಾಗಿ ಕಿರುಚಿದವಳಲ್ಲ: "ಎಳೀಬೇಡಿ ಮಾರಾಯ್ರೆ, ರಿವೆಟ್ ಹೊಡೆದದ್ದು ನಿನ್ನೆ!"