ಮಾವನ ಕಿವಿ, ಲೈಟಿನ ಫ್ಯಾನು

ನಮ್ಮ ಸೋದರಮಾವನಿಗೆ ಲೈಟಿನ ಬೆಳಕು ಬೇಕಿಲ್ಲ, ಅದರ ಸದ್ದು ಬೇಕು. ನಗಬೇಡಿ. ಚಳ್ಳಕೆರೆ ಸುತ್ತಿನ ಮದುವೆಗಳಿಗೆ ವಿಡಿಯೊ ತೆಗೆಯುವ ಮನುಷ್ಯ ಅವನು. ಜೊತೆಗೆ ಹೊತ್ತೊಯ್ಯುವ ಎಲ್ಇಡಿ ಲೈಟುಗಳ ಬೆನ್ನಿಗೆ, ಬಿಸಿ ಹೊರಹಾಕಲೆಂದು, ಬೆಂಕಿಪೊಟ್ಟಣದಷ್ಟು ಪುಟ್ಟ ಫ್ಯಾನು ಇರುತ್ತದಲ್ಲ, ಅದರ ಮೇಲೆ ಅವನಿಗಿರುವಷ್ಟು ಅನುಮಾನ ಪೊಲೀಸರಿಗೆ ಕಳ್ಳರ ಮೇಲೂ ಇರಲಿಕ್ಕಿಲ್ಲ. ಫ್ಯಾನು ನಿಂತರೆ ಲೈಟು ಕಾದು ಆರಿಹೋಗುತ್ತದೆ. ಅದು ಧಾರೆಯ ಹೊತ್ತಿಗೇ ಆರಿದರೆ? ಇನ್ನೊಮ್ಮೆ ಧಾರೆ ಎರೆಯಿರಿ ಎಂದು ಯಾರನ್ನು ಕೇಳುವುದು?

ಹಾಗಾಗಿ ಹೊಸ ಲೈಟು ಕೊಳ್ಳುವಾಗ ಅದನ್ನು ಕಿವಿಗಿಟ್ಟುಕೊಂಡು ನಿಲ್ಲುತ್ತಿದ್ದ. ಮೊದಲು ಅಂಗಡಿಯ ಟೀವಿ ಆರಿಸಬೇಕು, ಆಮೇಲೆ ಸೀಲಿಂಗ್ ಫ್ಯಾನು. ಕೊನೆಗೆ ಅಂಗಡಿಯವನಿಗೆ, "ಒಂಚೂರು ಉಸಿರು ಬಿಗಿ ಹಿಡ್ಕಳಪ್ಪ" ಎನ್ನುತ್ತಿದ್ದ. ಐದು ನಿಮಿಷ ಕೇಳಿ, "ಇದು ಕಾರ್ತೀಕ ದಾಟಲ್ಲ" ಎಂದು ಭವಿಷ್ಯ ನುಡಿದು ಕೆಳಗಿಡುತ್ತಿದ್ದ. ವಿಚಿತ್ರವೆಂದರೆ ಅದು ನಿಜವಾಗುತ್ತಿತ್ತು. ಬೇರೆ ವಿಡಿಯೊದವರೂ ತಮ್ಮ ಲೈಟುಗಳನ್ನು ತಂದು ಅವನ ಕಿವಿಗೆ ತೋರಿಸಿಕೊಂಡು ಹೋಗುತ್ತಿದ್ದರು.

ಅಂಥ ಪಂಡಿತ ಒಮ್ಮೆ ದೇವಸಮುದ್ರದ ಮದುವೆಗೆ ಹೊರಟವನು ದಾರಿಯ ಧೂಳಿಗೆ ಹೆದರಿ, ಮೂರೂ ಲೈಟುಗಳನ್ನು ಹೊಸ ಕುರಿಕಂಬಳಿಯಲ್ಲಿ ಸುತ್ತಿದ. ಅಲ್ಲಿ ಬಿಚ್ಚಿ ಹಚ್ಚಿದರೆ ಫ್ಯಾನುಗಳು ಅರೆಕ್ಷಣ ತಿರುಗಿ ನಿಂತವು. ರೆಕ್ಕೆಗಳಿಗೆಲ್ಲ ಉಣ್ಣೆ ಸಿಕ್ಕಿಕೊಂಡಿತ್ತು. ಮಾವ ನೆಲದ ಮೇಲೆ ಕೂತು ಅತ್ತೆಯ ಹೇರ್‌ಪಿನ್ನಿನಿಂದ ಉಣ್ಣೆ ಕೀಳುತ್ತಾ, "ಧೂಳಂತೂ ಬರಲಿಲ್ಲ ನೋಡು" ಎಂದ.

"ಗಾಳೀನೂ ಬರಲಿಲ್ರೀ" ಎಂದಳು ಅತ್ತೆ.

ಈ ಅತ್ತೆ ಮೊಳಕಾಲ್ಮೂರಿನ ನೇಕಾರರ ಮಗಳು. ಎರಡು ವರ್ಷದ ಹಿಂದೆ ನೋಡುತ್ತೇನೆ, ಪ್ರತಿ ಲೈಟಿನ ಫ್ಯಾನಿನ ಜಾಲರಿಗೂ ಒಂದೊಂದು ಕೆಂಪು ರೇಷ್ಮೆ ಎಳೆ ಕಟ್ಟಿದ್ದಾಳೆ. ಫ್ಯಾನು ತಿರುಗುವಷ್ಟು ಹೊತ್ತೂ ಎಳೆ ಹಾರಾಡುತ್ತಿರುತ್ತದೆ.

"ಏನತ್ತೆ ಇದು?"

"ದೃಷ್ಟಿ ಆಗ್ಬಾರ್ದು ಅಂತ ಕಣಪ್ಪ."

ದೃಷ್ಟಿದಾರ ಕಪ್ಪಗಿರಬೇಕಲ್ಲ? ಬಿಗಿಯಾಗಿ ಕಟ್ಟಬೇಕಲ್ಲ? ಒಂದು ತುದಿಯನ್ನು ಹೀಗೆ ಗಾಳಿಗೆ ಬಿಡುವುದುಂಟೇ? ನನ್ನ ತಲೆಗೆ ಹುಳ ಹೊಕ್ಕಿತು. ಎಷ್ಟು ಕೇಳಿದರೂ ಅವಳದು ಅದೇ ಉತ್ತರ.

ಮೊನ್ನೆ ಕೊಂಡ್ಲಹಳ್ಳಿಯ ಮದುವೆಯಲ್ಲಿ ಅದು ಗೊತ್ತಾಯಿತು. ಇನ್ನೇನು ಧಾರೆ ಎರೆಯಬೇಕು, ಮಾವನ ಮುಂದಿದ್ದ ಲೈಟಿನ ಫ್ಯಾನು ಗರಗರ ಎನ್ನತೊಡಗಿತು. ಪುರೋಹಿತರೇ ಮಂತ್ರ ನಿಲ್ಲಿಸಿ ತಿರುಗಿ ನೋಡಿದರು. ಮಾವ ಮಾತ್ರ ಕ್ಯಾಮೆರಾ ಹಿಡಿದು ನಿಂತೇ ಇದ್ದ. ಅಂಗಡಿಯವನ ಉಸಿರೂ ಅಡ್ಡಬರುತ್ತಿದ್ದ ಕಿವಿ ಅದು! ಅಷ್ಟರಲ್ಲಿ ಫ್ಯಾನು ನಿಂತಿತು, ಕೆಂಪು ಎಳೆ ಜೋತುಬಿತ್ತು. ಮಾವನ ಕಣ್ಣು ತಟ್ಟನೆ ಅದರತ್ತ ಹೋಯಿತು. ಕ್ಷಣದಲ್ಲಿ ಲೈಟು ಬದಲಾಯಿತು. ಧಾರೆ ತುಂಬುಬೆಳಕಿನಲ್ಲಿ ನಡೆಯಿತು.

ಊಟಕ್ಕೆ ಅವನ ಪಕ್ಕದಲ್ಲೇ ಕೂತೆ. "ಕಿವಿ ಯಾವಾಗಿಂದ ಹಿಂಗಾಗೈತೆ ಮಾವ?" ಎಂದು ಕೇಳಿದೆ. ಎರಡು ಸಲ ಕೇಳಬೇಕಾಯಿತು.

ಅವನು ಅನ್ನ ಕಲಸುತ್ತಲೇ ಹೇಳಿದ: "ಎರಡು ವರ್ಷ ಆತು. ಊರೋರಿಗೆ ಗೊತ್ತಾದ್ರೆ ಮದುವೆಗೆ ಯಾರು ಕರೀತಾರೆ? ನಿಮ್ಮತ್ತೆಗೂ ಹೇಳಿಲ್ಲ ಕಣಲೇ. ಆದ್ರೂ ದಾರ ಕಟ್ಟವ್ಳೆ. ದೃಷ್ಟಿಗೆ ಅಂತಾಳೆ, ನಾನೂ ಹೂಂ ಅಂತೀನಿ. ನೀನೂ ಹಂಗೇ ಅನ್ನು."

ನಾನೂ ಹೂಂ ಎಂದೆ. ಬಡಿಸುವವರ ಜೊತೆ ಸೇರಿದ್ದ ಅತ್ತೆ ಪಾಯಸದ ಪಾತ್ರೆ ಹಿಡಿದು ನಮ್ಮ ಬೆನ್ನ ಹಿಂದೆಯೇ ಬರುತ್ತಿದ್ದಳು. ಅಲ್ಲಿಂದ ಕರೆಯಲಿಲ್ಲ. ಪಂಕ್ತಿ ಸುತ್ತಿ ಬಂದು ಮಾವನ ಎದುರಿಗೆ ನಿಂತಳು. ಅವನು ತಲೆಯೆತ್ತಿ ಮುಖ ನೋಡುವ ತನಕ ಕಾದು, "ಪಾಯಸ ಹಾಕ್ಲಾ?" ಎಂದು ಕೇಳಿದಳು.